ವಾರಂಟಿ ಮುಗಿದ ಸ್ಪೋರ್ಟ್ಸ್ ಕಾರಿನ ಎಂಜಿನ್ ಹೋದಾಗ: ಗೋಕುಲ ರಸ್ತೆಯ ಬೋರಿಂಗ್ ಶಾಪ್‌ನಿಂದ ಕೆಲವು ಮಾತು

ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನಮ್ಮದೊಂದು ಬೋರಿಂಗ್ ಶಾಪ್ ಇದೆ. ಸಿಲಿಂಡರ್ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ನಮ್ಮ ಕೆಲಸ. ಅಂದರೆ ಸವೆದ ಎಂಜಿನ್ ಭಾಗಗಳನ್ನು ಮೆಷಿನ್‌ನಲ್ಲಿ ಕೊರೆದು, ಉಜ್ಜಿ ಮತ್ತೆ ಅಳತೆಗೆ ತರುವುದು. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ನವಲಗುಂದ, ರೋಣ, ಅಣ್ಣಿಗೇರಿ ಕಡೆಯ ಟ್ರ್ಯಾಕ್ಟರ್ ಎಂಜಿನ್ನು, ಲಾರಿಯ ಎಂಜಿನ್ನು ಇವೇ ಜಾಸ್ತಿ. ಈಚೆಗೆ ಇನ್ನೊಂದು ಥರದವೂ ಬರುತ್ತಿವೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಹಲವು ವರ್ಷ ಓಡಿ, ಕಡಿಮೆ ಬೆಲೆಗೆ ಸಿಕ್ಕಿ, ನಮ್ಮ ಊರಿಗೆ ಬಂದ ಎರಡು ಬಾಗಿಲ ಜರ್ಮನ್ ಕಾರುಗಳು. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ವಾರಂಟಿ ಇಲ್ಲದಿದ್ದಾಗ ಎಂಜಿನ್ ಹೋದರೆ ಹುಡುಗರು ಗಾಬರಿಯಾಗಿ ಬರುತ್ತಾರೆ. ಆ ಗಾಬರಿಯಲ್ಲಿ ಮಾಡುವ ಕೆಲಸಗಳಿಂದಲೇ ಖರ್ಚು ಎರಡು ಪಟ್ಟಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವುದು ಮುಖ್ಯವಾಗಿ ಒಂದೇ. ಎಂಜಿನ್ ಯಾಕೆ ಹೋಯಿತು ಅಂತ ಗೊತ್ತಾಗುವ ತನಕ ಅದನ್ನು ರಿಪೇರಿ ಮಾಡಿಸುವ ತೀರ್ಮಾನ ತಗೊಳ್ಳಬೇಡಿ.

ರಸ್ತೆ ಬದಿಯಲ್ಲಿ

ಡ್ಯಾಶ್‌ಬೋರ್ಡ್‌ನಲ್ಲಿ ಎಣ್ಣೆ ಡಬ್ಬಿಯ ಚಿತ್ರ ಹಳದಿ ಬಣ್ಣದಲ್ಲಿ ಹತ್ತಿದರೆ ಸಾಮಾನ್ಯವಾಗಿ ಆಯಿಲ್ ಮಟ್ಟ ಕಡಿಮೆ ಅಂತ. ಅದೇ ಕೆಂಪಗೆ ಹತ್ತಿದರೆ ಆಯಿಲ್ ಪ್ರೆಷರ್ ಇಲ್ಲ ಅಂತ. ಕೆಂಪು ಬಂದಾಗ ಮುಂದಿನ ಪೆಟ್ರೋಲ್ ಬಂಕ್ ತನಕ ಅನ್ನುವ ಯೋಚನೆಯೇ ಬೇಡ. ಎಡಕ್ಕೆ ತಗೊಂಡು ಎಂಜಿನ್ ಆಫ್ ಮಾಡಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಅದು ಕೂತಿರುವ ಬೇರಿಂಗ್ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಪ್ರೆಷರ್ ಹೋದರೆ ಆ ಪದರ ಹೋಗುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಬೇರಿಂಗ್ ಕರಗಿ ಕ್ರ್ಯಾಂಕ್‌ಗೆ ಅಂಟಿಕೊಳ್ಳಲು ನಿಮಿಷಗಳು ಸಾಕು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗ ಒಂದು ಕನ್ವರ್ಟಿಬಲ್ ತಂದಿದ್ದ. ಊರು ಹತ್ತಿರ ಬಂದಾಗ ಕೆಂಪು ದೀಪ ಹತ್ತಿದೆ. ಹುಬ್ಬಳ್ಳಿ ಇನ್ನೇನು ದೂರ ಅಂತ ನಿಧಾನವಾಗಿ ಓಡಿಸಿಕೊಂಡೇ ಬಂದಿದ್ದಾನೆ. ಬಿಚ್ಚಿ ನೋಡಿದರೆ ಆಗಿದ್ದು ಇಷ್ಟೇ: ಯಾವುದೋ ಉಬ್ಬು ತಾಗಿ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಸೀಳಿತ್ತು, ಆಯಿಲ್ ಸೋರಿತ್ತು. ಅಲ್ಲೇ ನಿಲ್ಲಿಸಿದ್ದರೆ ಒಂದು ಚೇಂಬರ್, ಒಂದು ಗ್ಯಾಸ್ಕೆಟ್, ಹೊಸ ಆಯಿಲ್, ಅಷ್ಟರಲ್ಲಿ ಮುಗಿಯುತ್ತಿತ್ತು. ಶಾಪ್‌ಗೆ ಬಂದಾಗ ಕ್ರ್ಯಾಂಕ್ ನೀಲಿ ತಿರುಗಿತ್ತು. ನಿಧಾನಕ್ಕೆ ಓಡಿಸಿದರೆ ಎಂಜಿನ್ ಉಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಪ್ರೆಷರ್ ಇಲ್ಲದ ಮೇಲೆ ನಿಧಾನವೂ ಒಂದೇ, ಜೋರೂ ಒಂದೇ.

ಬಿಸಿ ಮುಳ್ಳು ಕೆಂಪಿಗೆ ಹೋದರೂ ಹಾಗೇ, ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ತಣ್ಣೀರು ಸುರಿಯಲೂಬೇಡಿ, ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಬಿರುಕು ಬಿಡಬಹುದು. ಎಂಜಿನ್ ತಾನಾಗೇ ಬಂದ್ ಆಗಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಟೈಮಿಂಗ್ ಚೈನ್ (ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆಯುವಂತೆ ಮಾಡುವ ಸರಪಳಿ) ಜಾರಿದ್ದರೆ ಒಂದೊಂದು ಸೆಲ್ಫಿಗೂ ಇನ್ನೊಂದು ವಾಲ್ವ್ ಬಾಗಬಹುದು. ನೀರಿನಲ್ಲಿ ನುಗ್ಗಿಸಿ ಬಂದ್ ಆಗಿದ್ದರಂತೂ ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರ್ ಒಳಗಿನ ನೀರು ಅದುಮಿದರೆ ಕುಗ್ಗುವುದಿಲ್ಲ, ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್.

ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಕಾರು ಸಾಗಿಸಲು ಫ್ಲಾಟ್‌ಬೆಡ್ ಗಾಡಿಯನ್ನೇ, ಅಂದರೆ ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಳ್ಳುವುದನ್ನೇ ಕೇಳಿ. ಎರಡು ಚಕ್ರ ಎತ್ತಿ ಎಳೆಯುವ ಗಾಡಿ ಬೇಡ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಹಾಗೆ ಎಳೆದು ಗೇರ್‌ಬಾಕ್ಸನ್ನೂ ಹಾಳು ಮಾಡುತ್ತಾರೆ. ಕೆಳಗಿರುವ ಕಾರು, ಬಂಪರ್ ಉಜ್ಜುತ್ತದೆ. ಹತ್ತಿಸುವಾಗ ಚಕ್ರದ ಕೆಳಗೆ ಹಲಗೆ ಕೊಡಲು ಹೇಳಿ. ಎಳೆಯುವ ಕೊಕ್ಕೆ ಡಿಕ್ಕಿಯ ಟೂಲ್ ಕಿಟ್‌ನಲ್ಲಿ ಇರುತ್ತದೆ. ಆಡಿ, ಫೋಕ್ಸ್‌ವ್ಯಾಗನ್‌ಗಳಲ್ಲಿ ಅದಕ್ಕೆ ಉಲ್ಟಾ ಮರೆ (ಥ್ರೆಡ್), ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಬಲವಂತ ಮಾಡಿ ಮರೆ ಕೆಡಿಸಿದವರಿದ್ದಾರೆ.

ಬಿಚ್ಚುವ ಮೊದಲು

ಗ್ಯಾರೇಜಿಗೆ ಬಂದ ತಕ್ಷಣ "ಎಂಜಿನ್ ಹೋಗಿದೆ, ಇಳಿಸೋಣ" ಅಂದರೆ ಒಪ್ಪಬೇಡಿ. ಇಳಿಸದೆ ತಿಳಿಯಬಹುದಾದ್ದು ಬೇಕಾದಷ್ಟಿದೆ. ಸ್ಕ್ಯಾನರ್ ಹಾಕಿ ಫಾಲ್ಟ್ ಕೋಡ್ ತೆಗೆಸಿ, ಅಳಿಸುವ ಮೊದಲು ಫೋಟೋ ತಗೊಳ್ಳಿ. ಆಯಿಲನ್ನು ಸ್ವಚ್ಛವಾದ ಬೋಗುಣಿಗೆ ಇಳಿಸಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ಕೂಲೆಂಟ್ (ಎಂಜಿನ್ ತಂಪು ಮಾಡುವ ನೀರು) ಸೇರಿದೆ: ಹೆಡ್ ಗ್ಯಾಸ್ಕೆಟ್ ಇರಬಹುದು, ಆಯಿಲ್ ಕೂಲರ್ ಒಳಗೆ ಸೋರಿರಬಹುದು. ಎರಡನೆಯದಾದರೆ ಖರ್ಚು ತುಂಬಾ ಕಡಿಮೆ. ಸುಮ್ನೆ ಹೆಡ್ ಬಿಚ್ಚಿಸಿಕೊಂಡು ಕೂರಬೇಡಿ.

ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದವನ್ನು ಬಿಡಿಸಿ ನೋಡಿ. ನನಗೆ ಕೇಳಿದರೆ ಇಷ್ಟು ಅಗ್ಗದಲ್ಲಿ ಇಷ್ಟು ನಿಜ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಮೇಲಿನ ಪದರ ಸವೆದು ಒಳಗಿನದು ಬರುತ್ತಿದೆ. ಬಿಳಿ ಹೊಳಪಿನ, ಅಯಸ್ಕಾಂತಕ್ಕೆ ಅಂಟದ ಚೂರು ಅಲ್ಯೂಮಿನಿಯಂ, ಹೆಚ್ಚಾಗಿ ಪಿಸ್ಟನ್‌ದು. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ: ಚೈನ್, ವಾಲ್ವ್ ತಳ್ಳುವ ಕ್ಯಾಮ್, ಪಿಸ್ಟನ್ ಸುತ್ತಲಿನ ರಿಂಗ್, ಬೋರ್ (ಸಿಲಿಂಡರ್‌ನ ಒಳಗೋಡೆ), ಈ ಕಡೆ ಹುಡುಕಬೇಕು. ಕಪ್ಪು ಪ್ಲಾಸ್ಟಿಕ್ ತುಂಡು ಬಂದಿದ್ದರೆ ಅದು ಚೈನ್ ಗೈಡ್, ಚೈನ್ ಅಲ್ಲಾಡದಂತೆ ಹಿಡಿಯುವ ಪಟ್ಟಿ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. ಒಂದು ಸಿಲಿಂಡರ್‌ನ ಅಂಕಿಗಿಂತ ಎಲ್ಲವುಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಕಡಿಮೆ ಬಂದರೆ ಲೀಕ್‌ಡೌನ್ ಮಾಡಿಸಿ. ಅಂದರೆ ಪಿಸ್ಟನ್ ಮೇಲಿಟ್ಟು ಕಂಪ್ರೆಸರ್ ಗಾಳಿ ಬಿಟ್ಟು, ಅದು ಎಲ್ಲಿ ಹೊರಡುತ್ತದೆ ಅಂತ ಕೇಳುವುದು. ಆಯಿಲ್ ಹಾಕುವ ಬಾಯಲ್ಲಿ ಸದ್ದು ಬಂದರೆ ರಿಂಗ್ ಅಥವಾ ಬೋರ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಸ್ಪಾರ್ಕ್ ಪ್ಲಗ್ ತೂತಿನಿಂದ ಬೋರೋಸ್ಕೋಪ್ ಕ್ಯಾಮೆರಾ ಇಳಿಸಿದರೆ ಪಿಸ್ಟನ್ ತಲೆಯ ಮೇಲೆ ವಾಲ್ವ್ ಬಡಿದ ಗುರುತು, ಬೋರಿನ ಗೆರೆ ಎರಡೂ ಕಾಣುತ್ತವೆ. ಅದರ ವಿಡಿಯೋ ನಿಮ್ಮ ಫೋನಿನಲ್ಲಿ ಇರಲಿ.

ನಿಮ್ಮ ಎಂಜಿನ್‌ನ ಕೋಡ್ ಅಕ್ಷರಗಳನ್ನು ಬರೆದುಕೊಂಡು ಅದರ ಹಳೇ ಚರಿತ್ರೆ ಓದಿ. ಪ್ರತಿ ಎಂಜಿನ್‌ಗೂ ಒಂದು ಗೊತ್ತಿರುವ ದುರ್ಬಲ ಜಾಗ ಇರುತ್ತದೆ. ಆಡಿ ಟಿಟಿಯಲ್ಲಿ ಬಂದ 2.0 ಲೀಟರ್ ಇಎ888 ಎಂಜಿನ್‌ನ ಮೊದಲ ತಲೆಮಾರುಗಳಲ್ಲಿ ಟೈಮಿಂಗ್ ಚೈನ್ ಟೆನ್ಷನರ್ (ಚೈನನ್ನು ಬಿಗಿಯಾಗಿ ಇಡುವ ಭಾಗ) ಮತ್ತು ಆಯಿಲ್ ಕುಡಿಯುವ ಪಿಸ್ಟನ್ ರಿಂಗ್. ಇದೇ ಕುಟುಂಬದ 1.8 ಎಂಜಿನ್ ಸ್ಕೋಡಾ ಲಾರಾ, ಸುಪರ್ಬ್‌ಗಳಲ್ಲೂ ಬಂತು. ಹಾಗಾಗಿ ಅದನ್ನು ಬಿಚ್ಚಿ ಗೊತ್ತಿರುವ ಮೇಸ್ತ್ರಿಗಳು ನಮ್ಮ ಕಡೆಯೂ ಇದ್ದಾರೆ. ಬಿಎಂಡಬ್ಲ್ಯೂ ಎನ್20 ಎಂಜಿನ್‌ನಲ್ಲಿ ಚೈನ್‌ನ ಪ್ಲಾಸ್ಟಿಕ್ ಗೈಡ್. ಝಡ್4 35ಐ ಕಾರಿನ ಎನ್54ರಲ್ಲಿ ಹೈ ಪ್ರೆಷರ್ ಫ್ಯೂಯಲ್ ಪಂಪ್, ಕರೆಂಟಿನ ವಾಟರ್ ಪಂಪ್. 2008ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ (ಕ್ರ್ಯಾಂಕ್‌ಗೂ ಕ್ಯಾಮ್‌ಗೂ ನಡುವಿನ ದಂಡ) ಬೇರಿಂಗ್ ಮತ್ತು ಬೋರಿನ ಗೆರೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎರಡು ಮೂರು ಸೆಕೆಂಡ್ ಚೈನ್ ಗಲಗಲ ಅನ್ನುತ್ತಿದ್ದರೆ, ಎಂಜಿನ್ ಹೋಗುವ ಮೊದಲೇ ಹೇಳುತ್ತಿದೆ. ಆಗಲೇ ಟೆನ್ಷನರ್ ಬದಲಿಸಿದರೆ ವಾಲ್ವ್, ಪಿಸ್ಟನ್ ಉಳಿಯುತ್ತವೆ.

ಯಾರಾದರೂ ದುಡ್ಡು ಕೊಡುತ್ತಾರಾ?

ಮಾಮೂಲಿ ಇನ್ಶೂರೆನ್ಸ್ ಎಂಜಿನ್ ಸವೆತಕ್ಕೆ, ಯಂತ್ರ ಕೆಟ್ಟಿದ್ದಕ್ಕೆ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇದ್ದರೆ ನೀರು ನುಗ್ಗಿದ್ದು, ಕೆಳಗೆ ಪೆಟ್ಟು ಬಿದ್ದು ಆಯಿಲ್ ಸೋರಿದ್ದು ಸಾಮಾನ್ಯವಾಗಿ ಅದರಲ್ಲಿ ಬರುತ್ತದೆ. ಪಾಲಿಸಿ ಕಾಗದ ತೆಗೆದು ಓದಿ. ಕ್ಲೇಮ್ ಮಾಡುವ ಹಾಗಿದ್ದರೆ ಸರ್ವೇಯರ್ ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ಚಾಸಿ ನಂಬರ್ ಕೊಟ್ಟು, ಈ ಕಾರಿಗೆ ಬಾಕಿ ಉಳಿದ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಇದೆಯಾ ಅಂತ ಕೇಳಿ. ಹಿಂದಿನ ಮಾಲೀಕರು ಎಲ್ಲ ಸರ್ವಿಸನ್ನೂ ಅಲ್ಲೇ ಮಾಡಿಸಿದ್ದರೆ ಗುಡ್‌ವಿಲ್ ಮೇಲೆ ಸ್ವಲ್ಪ ಭಾಗ ಕೊಡುವಂತೆ ಇಮೇಲ್‌ನಲ್ಲಿ ವಿನಂತಿಸಿ. ಕೊಡಲೇಬೇಕು ಅಂತೇನಿಲ್ಲ, ಕೇಳಿದರೆ ಕಳಕೊಳ್ಳುವುದೂ ಇಲ್ಲ.

ಕಾರನ್ನು ವ್ಯಾಪಾರಿಯಿಂದ ಕೊಂಡಿದ್ದು, ಮೊದಲೇ ಇದ್ದ ದೋಷ ಮುಚ್ಚಿಟ್ಟು ಮಾರಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಪಾರಿ ಪುಣೆಯಲ್ಲಿದ್ದರೂ ಹುಬ್ಬಳ್ಳಿಯವರು ಧಾರವಾಡದಲ್ಲೇ ಹಾಕಬಹುದು. ತಕರಾರು ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದ ತನಕ ಇದ್ದರೆ ಶುಲ್ಕವಿಲ್ಲ, 10 ಲಕ್ಷದಿಂದ 20 ಲಕ್ಷದ ತನಕ 400 ರೂಪಾಯಿ. ಆದರೆ ವ್ಯಾಪಾರ ಮಾಡದ ಖಾಸಗಿ ಮಾಲೀಕರಿಂದ ನೇರ ಕೊಂಡಿದ್ದರೆ ಈ ದಾರಿ ಇಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಬಾಯಿ ಮಾತಲ್ಲ. ಬಿಚ್ಚುವ ಮೊದಲಿನ ಆ ಫೋಟೋ, ವಿಡಿಯೋ, ಫಾಲ್ಟ್ ಕೋಡ್, ವ್ಯಾಪಾರಿಯ ಜೊತೆಗಿನ ವಾಟ್ಸಾಪ್ ಸಂದೇಶಗಳು.

ರಿಪೇರಿ, ಹಳೇ ಎಂಜಿನ್, ಇಲ್ಲಾ ಇದ್ದ ಹಾಗೇ ಮಾರುವುದು

ಕಾರು ಚೆನ್ನಾಗಿ ಓಡುವಾಗ ಇವತ್ತು ಎಷ್ಟಕ್ಕೆ ಹೋಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ರಿಪೇರಿ ಅಂದಾಜು ಅದರ ಅರ್ಧ ದಾಟಿದರೆ ನಿಂತು ಯೋಚನೆ ಮಾಡಿ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದರಂತೂ ಮನೆಯವರ ಜೊತೆ ಕೂತು ಮಾತಾಡಿ. ಇದ್ದ ಹಾಗೇ ಮಾರುವುದರಲ್ಲಿ ಅವಮಾನ ಏನೂ ಇಲ್ಲ. ಏನು ಕೆಟ್ಟಿದೆ ಅಂತ ವರದಿ ಕೈಯಲ್ಲಿದ್ದರೆ, ಏನೂ ಗೊತ್ತಿಲ್ಲದ ಕಾರಿಗಿಂತ ಒಳ್ಳೇ ಬೆಲೆಯೂ ಬರುತ್ತದೆ.

ಹಳೇ ಎಂಜಿನ್ ತರುವುದಾದರೆ ಮುಂಬೈನ ಕುರ್ಲಾ, ದಿಲ್ಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ ಗುಜರಿ ಮಾರ್ಕೆಟ್‌ಗಳ ಹೆಸರು ಕೇಳುತ್ತೀರಿ. ಫೋನಿನಲ್ಲಿ ದುಡ್ಡು ಹಾಕಿ ತರಿಸಬೇಡಿ. ಮೇಸ್ತ್ರಿಯ ಜೊತೆ ಹೋಗಿ. ಎಂಜಿನ್ ಕೋಡ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅಲ್ಲೇ ಚೇಂಬರ್ ತೆಗೆಸಿ, ಬೋರೋಸ್ಕೋಪ್ ಹಾಕಿಸಿ. ಎಂಜಿನ್ ನಂಬರ್ ಇರುವ ಜಿಎಸ್‌ಟಿ ಬಿಲ್, ಅದು ಬಂದ ಗಾಡಿಯ ಕಾಗದ ಎರಡೂ ಬೇಕು. ನಂಬರ್ ಉಜ್ಜಿದ ಎಂಜಿನ್ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ, ಕದ್ದ ಮಾಲಾಗಿದ್ದರೆ ಪೊಲೀಸರು ನಿಮ್ಮ ಮನೆಗೇ ಬರುತ್ತಾರೆ. ಎಂಜಿನ್ ಬದಲಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ ಅನುಮತಿ ತಗೊಳ್ಳಿ, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ನಂಬರ್ ತಾಳೆಯಾಗದಿದ್ದರೆ ಮುಂದೆ ಕ್ಲೇಮ್‌ಗೂ ತೊಂದರೆ, ಮಾರಾಟಕ್ಕೂ ತೊಂದರೆ.

ರಿಪೇರಿ ಮಾಡಿಸುವುದಾದರೆ

ಇದು ನನ್ನ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಭಾಗ) ಯಾವುದು ಅಂತ ತಿಳಿಯಿರಿ. ಇಎ888ರ ಬ್ಲಾಕ್ ಎರಕದ ಕಬ್ಬಿಣ. ಎನ್54ರದು ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಲೈನರ್ (ಒಳಕೊಳವೆ). ಇವುಗಳನ್ನು ಹುಬ್ಬಳ್ಳಿಯಲ್ಲಿ ಒಳ್ಳೆಯ ಮೆಷಿನ್ ಇರುವ ಶಾಪ್‌ನಲ್ಲಿ ಅಳೆದು ಹೋನ್ ಮಾಡಬಹುದು, ಅಂದರೆ ಕಲ್ಲಿನಿಂದ ಉಜ್ಜಿ ಸರಿ ಮಾಡಬಹುದು. ಎನ್20ರ ಬೋರಿಗೆ ಲೋಹವನ್ನು ಸಿಂಪಡಿಸಿ ಮಾಡಿದ ತೆಳು ಪದರ. ಹಳೇ ಬಾಕ್ಸ್‌ಸ್ಟರ್‌ನ ಬೋರ್ ಸಿಲಿಕಾನ್ ಸೇರಿಸಿದ ಅಲ್ಯೂಮಿನಿಯಂ. ಟ್ರ್ಯಾಕ್ಟರ್ ಲೈನರ್ ಹೋನ್ ಮಾಡುವ ಕಲ್ಲನ್ನೇ ಈ ಎರಡಕ್ಕೆ ಹಾಕಿದರೆ ಎಂಜಿನ್ ಮುಗಿಯಿತು. ಅಂಥ ಬ್ಲಾಕ್ ಬಂದರೆ ನಾನು ಕೈ ಹಾಕುವುದಿಲ್ಲ, ಅದರ ಕೆಲಸ ಗೊತ್ತಿರುವವರ ಹತ್ತಿರ ಕಳಿಸುತ್ತೇನೆ. ಬೇರೆ ಯಾವ ಶಾಪ್‌ಗೆ ಹೋದರೂ "ಈ ಬೋರ್ ಯಾವ ಥರದ್ದು?" ಅಂತ ಮೊದಲು ಕೇಳಿ. ಉತ್ತರ ಬರದಿದ್ದರೆ ಬ್ಲಾಕ್ ವಾಪಸ್ ತಗೊಂಡು ಬನ್ನಿ.

"ಅಣ್ಣಾರ, ಬರೇ ಬೋರ್ ಮಾಡಿ ಕೊಡ್ರಿ, ಪಿಸ್ಟನ್ ಆಮ್ಯಾಲೆ ತರಸ್ತೀನಿ" ಅಂತ ಬರುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಪಿಸ್ಟನ್ ಮೇಜಿನ ಮೇಲೆ ಬಂದ ಮೇಲೇ ಬೋರಿಂಗ್. ಬೋರ್ ಮಾಡಿದರೆ ತೂತು ದೊಡ್ಡದಾಗುತ್ತದೆ, ಅದಕ್ಕೆ ಬೇಕಾದ ಓವರ್‌ಸೈಜ್ ಪಿಸ್ಟನ್ ಕೆಲವು ಎಂಜಿನ್‌ಗಳಿಗೆ ಸಿಗುವುದೇ ಇಲ್ಲ. ಸಿಕ್ಕರೂ ಒಂದೊಂದನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕೆ ಬೇಕಾದ ಸಂದು ಬಿಟ್ಟು ಬೋರ್ ಮಾಡಬೇಕು. ಬೋರನ್ನು ಡಯಲ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ ಅಳೆಯಬೇಕು, ಪ್ರತಿ ಜಾಗದಲ್ಲೂ ಉದ್ದ ಅಡ್ಡ ಎರಡೂ ಕಡೆ. ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕ್ರ್ಯಾಂಕ್ ವಿಷಯವೂ ಹೀಗೇ. ಗ್ರೈಂಡ್ ಮಾಡಿದ ಅಳತೆಗೆ ಬೇರಿಂಗ್ ಸಿಗುತ್ತದೆಯಾ ಅಂತ ಖಾತ್ರಿಯಾದ ಮೇಲೇ ಗ್ರೈಂಡಿಂಗ್.

ಹೆಡ್ ಬಿಸಿಯಾಗಿ ಡೊಂಕಾಗಿದ್ದರೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡುತ್ತೇವೆ. ಪ್ರೆಷರ್ ಟೆಸ್ಟ್ ಮಾಡಿ ಬಿರುಕು ಹುಡುಕುತ್ತೇವೆ. ಫೇಸಿಂಗ್‌ನಲ್ಲಿ (ಹೆಡ್ಡಿನ ತಳ ಸಮ ಮಾಡುವಾಗ) ಎಷ್ಟು ತೆಗೆಯಬಹುದು ಅನ್ನುವುದಕ್ಕೆ ಕಂಪನಿಯ ಮಿತಿ ಇರುತ್ತದೆ, ಕೆಲವು ಹೆಡ್‌ಗಳಲ್ಲಿ ತೆಗೆಯಲೇಬಾರದು ಅಂತಲೂ ಇರುತ್ತದೆ. ಹೆಡ್ ಬೋಲ್ಟ್, ರಾಡ್ ಬೋಲ್ಟ್ ಹೊಸದೇ ಬೇಕು. ಈ ಕಾರುಗಳಲ್ಲಿ ಅವನ್ನು ಟಾರ್ಕ್ ಕೊಟ್ಟ ಮೇಲೆ ಇನ್ನೂ ಇಷ್ಟು ಡಿಗ್ರಿ ಅಂತ ತಿರುಗಿಸಿ ಬಿಗಿ ಮಾಡುತ್ತಾರೆ. ಒಮ್ಮೆ ಎಳೆದ ಬೋಲ್ಟ್ ಉದ್ದವಾಗಿರುತ್ತದೆ. ಅದರಲ್ಲಿ ಉಳಿಸುವ ದುಡ್ಡು ದುಡ್ಡೇ ಅಲ್ಲ.

ಹೋನಿಂಗ್ ಆದ ಮೇಲೆ ಬ್ಲಾಕನ್ನು ಬಿಸಿ ನೀರು, ಸೋಪು, ಬ್ರಷ್ ಹಾಕಿ ತೊಳೆಯಬೇಕು. ಬರೀ ಡೀಸೆಲ್‌ನಲ್ಲಿ ತೊಳೆದರೆ ಕಲ್ಲಿನ ಪುಡಿ ಬೋರಿನ ಗೀರುಗಳಲ್ಲೇ ಕೂತಿರುತ್ತದೆ. ತೊಳೆದು ಒರೆಸಿ, ಆಯಿಲ್ ಸವರಿ, ಬಿಳಿ ಬಟ್ಟೆಯಲ್ಲಿ ಮತ್ತೆ ಒರೆಸಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದರೆ ಇನ್ನೊಮ್ಮೆ ತೊಳೆಯಿರಿ. ನಮ್ಮ ಶಾಪ್‌ನಲ್ಲಿ ಬ್ಲಾಕ್ ಕೊಡುವ ಮೊದಲು ಗಿರಾಕಿಯ ಕೈಯಲ್ಲೇ ಬಿಳಿ ಬಟ್ಟೆ ಕೊಟ್ಟು ಒರೆಸಿಸುತ್ತೇನೆ.

ಇನ್ನು ಎಲ್ಲರೂ ಬಿಟ್ಟುಬಿಡುವ ಒಂದು ವಿಷಯ. ಬೇರಿಂಗ್ ಒಡೆದ ಎಂಜಿನ್‌ನ ಲೋಹದ ಪುಡಿ ಎಂಜಿನ್‌ನಲ್ಲಿ ಮಾತ್ರ ಇರುವುದಿಲ್ಲ. ಆಯಿಲ್ ಕೂಲರ್ ಒಳಗೆ, ಟರ್ಬೋಗೆ ಹೋಗುವ ಸಣ್ಣ ಪೈಪಿನಲ್ಲಿ, ಆಯಿಲ್ ಪಂಪಿನ ಜಾಳಿಗೆಯಲ್ಲಿ ಎಲ್ಲ ಕಡೆ ಕೂತಿರುತ್ತದೆ. ಹೊಸ ಬೇರಿಂಗ್ ಹಾಕಿ ಹಳೇ ಕೂಲರ್ ಜೋಡಿಸಿದರೆ ಆ ಪುಡಿ ಹೊಸ ಬೇರಿಂಗ್ ತಿನ್ನುತ್ತದೆ. ಹಾಗೆ ಎರಡನೇ ಸಲ ಬಂದ ಎಂಜಿನ್ ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಕೂಲರ್ ಹೊಸದು ಹಾಕಿ, ಆಯಿಲ್ ಪೈಪ್ ಬದಲಿಸಿ, ಬ್ಲಾಕಿನ ಆಯಿಲ್ ದಾರಿಯ ಪ್ಲಗ್‌ಗಳನ್ನು ಬಿಚ್ಚಿ ಒಳಗೆ ಬ್ರಷ್ ಆಡಿಸಿ. ಟರ್ಬೋ ಶಾಫ್ಟ್ ಅಲ್ಲಾಡುತ್ತದೆಯಾ ನೋಡಿಸಿ. ಕಾರಣ ಹುಡುಕುವುದು ಅಂದರೆ ಇದೂ ಸೇರಿ.

ಗ್ಯಾರೇಜಿನವರ ಹತ್ತಿರ ಬರಹದಲ್ಲಿ ಅಂದಾಜು ತಗೊಳ್ಳಿ. ಯಾವ ಭಾಗ, ಯಾವ ಕಂಪನಿಯದು, ಪಾರ್ಟ್ ನಂಬರ್ ಏನು ಎಲ್ಲ ಇರಲಿ. ಹಳೇ ಭಾಗಗಳನ್ನೆಲ್ಲ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಭಾಗಗಳಿಗೆ ಬಿಲ್ ಬಂದಾಗ ಅದಕ್ಕೆ, ಕೂಲಿಗೆ ಗಾಡಿ ಓಡಿದ ಮೇಲೆ.

ಮೊದಲ ಸ್ಟಾರ್ಟ್, ಮೊದಲ ಸಾವಿರ ಕಿಲೋಮೀಟರ್

ಜೋಡಿಸಿದ ಮೇಲೆ ನೇರ ಸ್ಟಾರ್ಟ್ ಮಾಡಬಾರದು. ಪೆಟ್ರೋಲ್ ಮತ್ತು ಸ್ಪಾರ್ಕ್ ತಪ್ಪಿಸಿ, ಪ್ಲಗ್ ಬಿಚ್ಚಿ, ಆಯಿಲ್ ಪ್ರೆಷರ್ ಏರುವ ತನಕ ಸ್ವಲ್ಪ ಸ್ವಲ್ಪವೇ ಸೆಲ್ಫ್ ತಿರುಗಿಸಬೇಕು. ಡ್ಯಾಶ್‌ಬೋರ್ಡ್ ದೀಪ ಸಾಕಾಗುವುದಿಲ್ಲ, ಮುಳ್ಳಿನ ಪ್ರೆಷರ್ ಗೇಜ್ ಜೋಡಿಸಿ ನೋಡಬೇಕು. ಆ ಹೊತ್ತಿಗೆ ನೀವೂ ಅಲ್ಲಿರಿ.

ಸ್ಟಾರ್ಟ್ ಆದ ಮೇಲೆ ನಿಂತಲ್ಲೇ ಗಂಟೆಗಟ್ಟಲೆ ಐಡಲ್ ಬಿಡುವುದು ತಪ್ಪು. ರಿಂಗ್ ಬೋರಿಗೆ ಕೂರಲು ಸ್ವಲ್ಪ ಭಾರ ಬೇಕು. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ ಸುಮಾರು 60 ಕಿ.ಮೀ., ಹೆಚ್ಚು ಕಡಿಮೆ ಸಮತಟ್ಟು ರಸ್ತೆ. ನಾನು ಅದನ್ನೇ ಹೇಳುತ್ತೇನೆ. ಬೆಳಿಗ್ಗೆ ಬೇಗ ಹೊರಡಿ, ಒಂದೇ ವೇಗದಲ್ಲಿ ಹೋಗದೆ ಏರಿಸುತ್ತಾ ಇಳಿಸುತ್ತಾ ಓಡಿಸಿ, ಕಾಲು ಪೂರ್ತಿ ಒತ್ತಬೇಡಿ. ಅರಬೈಲ್ ಘಾಟಿ, ಗೋವಾ ಟ್ರಿಪ್ ಎಲ್ಲ 1000 ಕಿ.ಮೀ. ಆದ ಮೇಲೆ. 500 ಕಿ.ಮೀ. ಹೊತ್ತಿಗೆ ಆಯಿಲ್, ಫಿಲ್ಟರ್ ಬದಲಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ಮೊದಲ ಸಲ ನುಣ್ಣನೆಯ ಸ್ವಲ್ಪ ಪುಡಿ ಇರುತ್ತದೆ. ಚೂರು ಚೂರಾಗಿ ಕಂಡರೆ ಆ ದಿನವೇ ಮೇಸ್ತ್ರಿಗೆ ತೋರಿಸಿ.

ಟರ್ಬೋ ಕಾರಿಗೆ 95 ಆಕ್ಟೇನ್‌ಗಿಂತ ಕಡಿಮೆ ಪೆಟ್ರೋಲ್ ಹಾಕಿಸಬೇಡಿ. ಕಡಿಮೆ ಆಕ್ಟೇನ್‌ನಲ್ಲಿ ಜೋರಾಗಿ ಒತ್ತಿದರೆ ನಾಕ್ ಆಗಿ (ಪೆಟ್ರೋಲ್ ತಪ್ಪು ಹೊತ್ತಿನಲ್ಲಿ ಸಿಡಿದು) ಪಿಸ್ಟನ್‌ನ ರಿಂಗ್ ಕೂರುವ ಅಂಚು ಒಡೆಯಬಹುದು. ಕಂಪನಿ ಹೇಳಿದ ಆಯಿಲ್ ಬದಲಾವಣೆಯ ಅಂತರ ಎಷ್ಟೇ ಇರಲಿ, ಈ ವಯಸ್ಸಿನ ಎಂಜಿನ್‌ಗೆ ಅದರ ಅರ್ಧಕ್ಕೇ ಬದಲಿಸಿ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆಯಿಲ್ ಮಟ್ಟ ನೋಡಿ, ಎಷ್ಟು ಸೇರಿಸಿದಿರಿ ಅಂತ ಕಿಲೋಮೀಟರ್ ಜೊತೆ ಬರೆದಿಡಿ. 1000 ಕಿ.ಮೀ.ಗೆ ಅರ್ಧ ಲೀಟರ್‌ಗಿಂತ ಜಾಸ್ತಿ ಕುಡಿಯಲು ಶುರು ಮಾಡಿದರೆ ಆ ಪುಸ್ತಕ ಹಿಡಿದು ಮೇಸ್ತ್ರಿಯ ಹತ್ತಿರ ಹೋಗಿ, ಲೀಕ್‌ಡೌನ್ ಟೆಸ್ಟ್ ಮಾಡಿಸಿ.